ಬಸವನ ಬಾಯಲ್ಲಿ ನೀರು ಬರುತ್ತಿಲ್ಲ, ಹೊಸ ಪಂಪು ಹಾಕಿದ ಮೇಲೂ ಅಷ್ಟೇ

ಬೇವಿನಮರ (ಕೋಲಾರ)
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಮನೆ ಮುಂದಿನ ತೋಟದಲ್ಲಿ ಕಲ್ಲಿನ ಬಸವನ ಬಾಯಿಂದ ತೊಟ್ಟಿಗೆ ನೀರು ಬೀಳುತ್ತಿತ್ತು, ನಿಂತುಹೋಯಿತು. ಪಂಪು ಸತ್ತಿದೆ ಅಂತ ಹೊಸದು ತಂದೆ. ಗಂಟೆಗೆ 1100 ಲೀಟರಿನದು, ಹಳೆಯದಕ್ಕಿಂತ ಜಾಸ್ತಿಯೇ. ಹಾಕಿದರೆ ಗುಂಯ್ ಅನ್ನುತ್ತದೆ, ನೀರು ಮಾತ್ರ ತೊಟ್ಟಿಕ್ಕುತ್ತದೆ. ಅಂಗಡಿಯವರು ಬದಲಿಸಿ ಇನ್ನೊಂದು ಕೊಟ್ಟರು, ಅದೂ ಹಾಗೇ. ಅಮ್ಮ ದಿನಾ ಸಂಜೆ ಅದರ ಮುಂದೆಯೇ ಕೂರುತ್ತಿದ್ದರು. ಈಗ ಬಂದು ನೋಡಿ ಒಳಗೆ ಹೋಗುತ್ತಾರೆ. ಯಾವ ಪಂಪು ತರಲಿ, ಬೇಗ ಹೇಳಿ.

ವೈಂಡಿಂಗ್_ಅಣ್ಣ (ತುಮಕೂರು)
ಗುಂಯ್ ಅಂದು ತಿರುಗದಿದ್ದರೆ ಮೋಟರ್ ಸ್ಟಾರ್ಟ್ ಮಾಡಿಸುವ ಕೆಪಾಸಿಟರ್ ಹೋಗಿದೆ. ಬೇರೆ ಏನೂ ಅಲ್ಲ. ಬದಲಿಸಿ.

ಗುಲಾಬಿ_ಅಕ್ಕ (ಚಿಕ್ಕಬಳ್ಳಾಪುರ)
ಪಂಪು ಎಷ್ಟು ವ್ಯಾಟಿನದು? ತೊಟ್ಟಿಯಿಂದ ಬಾಯಿಗೆ ಎಷ್ಟು ಎತ್ತರ? ಪೈಪು ಯಾವ ಸೈಜು? ಇದೇನೂ ಹೇಳದೆ ಯಾವ ಪಂಪು ಅಂತ ಕೇಳಿದರೆ ಹೇಗೆ ತಮ್ಮಾ?

ಬೇವಿನಮರ
ಮಾಮೂಲಿ ಪೈಪೇ ಅಕ್ಕ. ಎತ್ತರ ಅಂಥದ್ದೇನಿಲ್ಲ. ಅಣ್ಣಾ, ಕೆಪಾಸಿಟರ್ ಎಲ್ಲಿರುತ್ತದೆ? ಬಿಚ್ಚಲು ಸ್ಕ್ರೂ ಕಾಣುತ್ತಿಲ್ಲ.

ವೈಂಡಿಂಗ್_ಅಣ್ಣ
ಮೇಲಿನ ಡಬ್ಬಿಯಲ್ಲಿರುತ್ತದೆ ನೋಡಿ. ಮೋಟರಿನ ಬೆನ್ನ ಮೇಲೆ.

ಮಾಲೂರು_ಮೀನು (ಮಾಲೂರು)
ಅಣ್ಣಾ, ಅದು ತೋಟಕ್ಕೆ ನೀರೆತ್ತುವ ದೊಡ್ಡ ಮಾನೋಬ್ಲಾಕ್ ಪಂಪಲ್ಲ, ಅಂಗೈಯಲ್ಲಿ ಹಿಡಿಯುವ ಕಾರಂಜಿ ಪಂಪು. ಅದಕ್ಕೆ ಕೆಪಾಸಿಟರೇ ಇಲ್ಲ. ತಂತಿ ಸುತ್ತಿದ ಕಾಯಿಲ್ ಪೂರ್ತಿ ರೆಸಿನ್‌ನಲ್ಲಿ, ಅಂದರೆ ಗಟ್ಟಿಯಾದ ಅಂಟಿನಲ್ಲಿ, ಮುಳುಗಿರುತ್ತದೆ. ಒಳಗೆ ತಿರುಗುವುದು ಒಂದು ಅಯಸ್ಕಾಂತ, ಅದರ ತುದಿಗೆ ಫ್ಯಾನಿನ ಹಾಗೆ ಇಂಪೆಲ್ಲರ್. ಅಷ್ಟೇ ಅದರ ಹೊಟ್ಟೆ.

ವೈಂಡಿಂಗ್_ಅಣ್ಣ
ನಾನು ಮೋಟರ್ ಸುತ್ತಲು ಶುರು ಮಾಡಿ 22 ವರ್ಷ ಆಯಿತು. ಸಿಂಗಲ್ ಫೇಸಿನಲ್ಲಿ ಸ್ಟಾರ್ಟ್ ಆಗಲು ಏನಾದರೂ ಬೇಕಲ್ವಾ? ಕೆಪಾಸಿಟರ್ ಇಲ್ಲ ಅಂದರೆ ವೋಲ್ಟೇಜು. ಸಂಜೆ ಹೊತ್ತು ಚೆಕ್ ಮಾಡಿ.

ಮಾಲೂರು_ಮೀನು
ಅಯಸ್ಕಾಂತ ಇರುವುದರಿಂದ ಯಾವ ಕಡೆಗಾದರೂ ತಿರುಗಿ ಹೊರಟುಬಿಡುತ್ತದೆ. ಅದಕ್ಕೇ ಆ ಇಂಪೆಲ್ಲರ್ ರೆಕ್ಕೆ ನೇರವಾಗಿರುವುದು, ಬಾಗಿರುವುದಿಲ್ಲ. ಬಿಚ್ಚಿ ನೋಡಿದವನು ಹೇಳುತ್ತಿದ್ದೇನೆ.

ಬೇವಿನಮರ
ವೋಲ್ಟೇಜು 221 ಇದೆ, ಸಂಜೆ ಏಳಕ್ಕೆ ನೋಡಿದೆ. ಜಗಳ ಬೇಡ ದಯವಿಟ್ಟು.

ಮಾವಿನ_ತೋಪು (ಶ್ರೀನಿವಾಸಪುರ)
ನಮ್ಮಲ್ಲಿ ಬೋರು 1200 ಅಡಿ. ನಾಲ್ಕು ಎಕರೆ ಮಾವು, ಒಂದು ಎಕರೆ ಟೊಮೆಟೊ, ಎಲ್ಲಾ ಡ್ರಿಪ್. ಸ್ಯಾಂಡ್ ಫಿಲ್ಟರ್, ಡಿಸ್ಕ್ ಫಿಲ್ಟರ್ ಎರಡೂ ಇದೆ, ನೀರಿಗೆ ಗೊಬ್ಬರ ಸೇರಿಸುವ ವೆಂಚುರಿ ನಾನೇ ಕೂರಿಸಿದೆ. ಮೊಬೈಲಿನಿಂದಲೇ ಸ್ಟಾರ್ಟರ್ ಆನ್ ಮಾಡುತ್ತೇನೆ. ಗಡಸು ನೀರಿಗೆ ಲ್ಯಾಟರಲ್, ಅಂದರೆ ಡ್ರಿಪ್ಪಿನ ಸಣ್ಣ ಪೈಪುಗಳು, ಕಟ್ಟಿಕೊಳ್ಳುತ್ತವೆ, ಆಸಿಡ್ ಬಿಟ್ಟು ತೊಳೆಯುತ್ತೇನೆ. ಒಂದು ಡ್ರಿಪ್ಪರೂ ಬದಲಿಸಿಲ್ಲ ಇವತ್ತಿನವರೆಗೆ.

ವೈಂಡಿಂಗ್_ಅಣ್ಣ
ಕೆ.ಸಿ. ವ್ಯಾಲಿ ನೀರು, ಅದೇ ಬೆಂಗಳೂರಿನಿಂದ ಶುದ್ಧ ಮಾಡಿ ಕಳಿಸುವ ಕೊಳಚೆ ನೀರು, ಕೆರೆಗೆ ಬಂದ ಮೇಲೂ 1200 ಅಡಿನಾ?

ಮಾವಿನ_ತೋಪು
2018ರಿಂದ ಬರುತ್ತಿದೆ ಸರಿ. ಎಲ್ಲಾ ಊರಿನ ಕೆರೆಗೂ ಬಂತಾ? ನಮ್ಮ ಕಡೆಯ ಬೋರು ನಮಗೆ ಗೊತ್ತು. ಬೆಂಗಳೂರಿನವರು ಬಳಸಿಬಿಟ್ಟ ನೀರನ್ನು ಇನ್ನೂ ಒಂದು ಸಲ ಶುದ್ಧ ಮಾಡಿ ಕೊಡಿ ಅಂತ ನಾವು ಕೇಳುತ್ತಲೇ ಇದ್ದೇವೆ.

ಗುಲಾಬಿ_ಅಕ್ಕ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ನಮಗೂ ಅದೇ ಥರದ ಎಚ್.ಎನ್. ವ್ಯಾಲಿ ನೀರಿನ ಬಗ್ಗೆ ಹೇಳಲು ಬೇಕಾದಷ್ಟಿದೆ, ಆದರೆ ಇಲ್ಲಲ್ಲ. ಬೇವಿನಮರ, ಟೇಪ್ ಹಿಡಿದು ಅಳೆದು ಹೇಳಿ. ಪಂಪಿನ ಡಬ್ಬಿಯ ಮೇಲೆ ಹೆಡ್ ಎಷ್ಟು, ಅಂದರೆ ಎಷ್ಟು ಎತ್ತರದವರೆಗೆ ನೀರು ಎತ್ತುತ್ತದೆ ಅಂತ ಬರೆದಿರುತ್ತದೆ, ಅದನ್ನೂ ಓದಿ.

ಬೇವಿನಮರ
ಅಳೆದೆ. ಪಂಪಿನಿಂದ ಬಸವನ ಬಾಯಿಗೆ ಮೂರೂವರೆ ಅಡಿ. ಡಬ್ಬಿಯ ಮೇಲೆ 18 ವ್ಯಾಟ್, ಹೆಡ್ 1.6 ಮೀಟರ್. ಹಳೆಯದು 40 ವ್ಯಾಟ್, ಅದರ ಹೆಡ್ 2.5. ಲೀಟರ್ ನೋಡಿ ತಂದೆ, ಇದನ್ನು ನೋಡಲೇ ಇಲ್ಲ.
ಬಸವ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಕೆತ್ತಿಸಿದ್ದು, ಏಳು ವರ್ಷ ಆಯಿತು. ಅಪ್ಪ ಇದ್ದಾಗ ಪ್ರತಿ ಕಾರ್ತಿಕದಲ್ಲಿ ಬೆಟ್ಟದ ಮೇಲಿನ ಅಂತರಗಂಗೆ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ಅಮ್ಮನಿಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅದಕ್ಕೇ ಅಲ್ಲಿ ಬಾಯಿಂದ ನೀರು ಬೀಳುವ ಬಸವನ ಹಾಗೆ ಮನೆಯಲ್ಲೇ ಒಂದು ಮಾಡಿಸಿದೆ. ಬಾಯಿಯವರೆಗೆ ಕಲ್ಲಿನಲ್ಲಿ ತೂತು ಕೊರೆದು ಅರ್ಧ ಇಂಚಿನ ಪೈಪು ಕೂರಿಸಿ ಸಿಮೆಂಟ್ ಹಾಕಿದ್ದಾರೆ. ಹೊರಗೆ ತೆಗೆಯಲು ಬರುವುದಿಲ್ಲ.

ಮಾಲೂರು_ಮೀನು
ಇದನ್ನು ಮೊದಲೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು. ಡಬ್ಬಿಯ ಮೇಲಿನ 1100 ಲೀಟರ್ ಅನ್ನುವುದು ಎತ್ತರವೇ ಇಲ್ಲದಾಗ. ಮೇಲೆ ಹೋದ ಹಾಗೆ ನೀರು ಕಡಿಮೆ ಆಗುತ್ತಾ ಬರುತ್ತದೆ, 1.6 ಮೀಟರಿಗೆ ಸೊನ್ನೆ. ನಿಮ್ಮದು ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಆದರೂ ತೊಟ್ಟಿಕ್ಕಬಾರದು, ಗಂಟೆಗೆ ಮುನ್ನೂರು ನಾನೂರು ಲೀಟರಾದರೂ ಬರಬೇಕು. ಒಂದು ಕೆಲಸ ಮಾಡಿ. ಬಸವನನ್ನು ಬಿಟ್ಟು, ಪಂಪಿಗೆ ಬೇರೆ ಅರ್ಧ ಇಂಚಿನ ಪೈಪು ಸಿಕ್ಕಿಸಿ ಅದೇ ಎತ್ತರಕ್ಕೆ ಹಿಡಿಯಿರಿ. ಲೀಟರ್ ಬಾಟಲಿ ತುಂಬಲು ಎಷ್ಟು ಸೆಕೆಂಡ್ ಅಂತ ಎಣಿಸಿ. ಮತ್ತೆ ಬಸವನ ಬಾಯಲ್ಲಿ ಹಿಡಿದು ಎಣಿಸಿ.

ಬೇವಿನಮರ
ಬೇರೆ ಪೈಪಿನಲ್ಲಿ 9 ಸೆಕೆಂಡ್. ಬಸವನ ಬಾಯಲ್ಲಿ ಒಂದು ನಿಮಿಷ ದಾಟಿತು, ಸಾಕು ಅಂತ ನಿಲ್ಲಿಸಿದೆ.

ಮಾಲೂರು_ಮೀನು
9 ಸೆಕೆಂಡ್ ಅಂದರೆ ಗಂಟೆಗೆ 400 ಲೀಟರ್. ಪಂಪು ಸರಿ ಇದೆ. ಕಲ್ಲೊಳಗಿನ ಪೈಪು ಕಟ್ಟಿಕೊಂಡಿದೆ. ಮಾವಿನ ತೋಪು ಅಣ್ಣ ಹೇಳಿದ ಗಡಸು ನೀರಿನ ಕಥೆಯೇ. ಏಳು ವರ್ಷ ಬೋರ್ ನೀರು ಹರಿದಿದೆ ಅಲ್ವಾ? ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಬೆಳ್ಳಗೆ ಸುಣ್ಣದ ಹಾಗೆ ಕಾಣುತ್ತದೆ.

ಬೇವಿನಮರ
ಹೌದು. ಪೆನ್ಸಿಲ್ಲೂ ಹೋಗುವುದಿಲ್ಲ. ಮ್ಯೂರಿಯಾಟಿಕ್ ಆಸಿಡ್ ಇದೆ ಮನೆಯಲ್ಲಿ, ಸುರಿಯಲಾ?

ಗುಲಾಬಿ_ಅಕ್ಕ
ಬೇಡ! ಕಲ್ಲಿಗೆ ಬಿದ್ದರೆ ಕೆತ್ತನೆ ಹಾಳಾಗುತ್ತದೆ, ಹೊಗೆ ಬೇರೆ. ನಿಂಬೆ ಉಪ್ಪು ತನ್ನಿ, ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. ಒಂದು ಲೀಟರ್ ಬಿಸಿ ನೀರಿಗೆ ನೂರು ಗ್ರಾಂ. ತೊಟ್ಟಿಯಲ್ಲಿ ಮೀನಿದ್ದರೆ ಮೊದಲು ಬೇರೆ ಕಡೆ ಬಿಡಿ. ಕೆಳಗಡೆ ಪೈಪಿನ ತುದಿಗೆ ಗಟ್ಟಿಯಾಗಿ ಬಿರಡೆ ಹಾಕಿ, ಬಾಯಿಂದ ಕೊಳವೆ ಇಟ್ಟು ನಿಧಾನಕ್ಕೆ ತುಂಬಿಸಿ. ಹೊರಗೆ ಚೆಲ್ಲಿದರೆ ಆಗಲೇ ತೊಳೆಯಿರಿ.

ಕಲ್ಪತರು_ಎಲೆಕ್ಟ್ರಿಕ್ (ತುಮಕೂರು)
ಒಂದು ಪ್ರಶ್ನೆ. ಹೊಸ ಪಂಪಿನ ವೈರು ಸಾಮಾನ್ಯವಾಗಿ ಗಿಡ್ಡ ಇರುತ್ತದೆ. ಪ್ಲಗ್ಗಿನವರೆಗೆ ಹೇಗೆ ಎಳೆದಿರಿ?

ಬೇವಿನಮರ
ಹಳೆ ಪಂಪಿನ ವೈರು ಕತ್ತರಿಸಿ ಇದಕ್ಕೆ ಸೇರಿಸಿದೆ. ಟೇಪ್ ಚೆನ್ನಾಗಿ ಸುತ್ತಿದ್ದೇನೆ. ಜಾಯಿಂಟು ತೊಟ್ಟಿಯೊಳಗೆ ಕಲ್ಲಿನ ಕೆಳಗಿದೆ, ಕಾಣುವುದಿಲ್ಲ.

ಕಲ್ಪತರು_ಎಲೆಕ್ಟ್ರಿಕ್
ಈಗಲೇ ಎದ್ದು ಹೋಗಿ ಪ್ಲಗ್ ಕಿತ್ತುಬಿಡಿ. ಆಮೇಲೆ ಓದಿ. ಟೇಪು ನೀರು ತಡೆಯುವುದಿಲ್ಲ. ಒಂದು ವಾರವೋ ಒಂದು ತಿಂಗಳೋ, ನೀರು ಒಳಗೆ ಹೋಗೇ ಹೋಗುತ್ತದೆ. ಅಮ್ಮ ಆ ತೊಟ್ಟಿಯ ಪಕ್ಕ ಕೂರುತ್ತಾರೆ ಅಂದಿರಿ. ಜಾಯಿಂಟು ನೀರಿನ ಮೇಲೆ, ಗೋಡೆಗೆ ಹೊಡೆದ ಮಳೆ ತಡೆಯುವ ಡಬ್ಬಿಯೊಳಗೆ ಬರಬೇಕು. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಅದು ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು. ತೊಟ್ಟಿಗೆ ಕೈ ಹಾಕುವಾಗಲೆಲ್ಲ ಪ್ಲಗ್ ಹೊರಗೆ.

ವೈಂಡಿಂಗ್_ಅಣ್ಣ
ಇದು ನೂರಕ್ಕೆ ನೂರು ಸರಿ. ನಾನು ಕೆಪಾಸಿಟರ್ ಹಿಡಿದುಕೊಂಡು ಕೂತೆ, ಇದನ್ನು ಕೇಳಲಿಲ್ಲ.

ಬೇವಿನಮರ
ಕಿತ್ತೆ. ಕೈ ನಡುಗಿತು ಸರ್. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ, ಆರ್‌ಸಿಸಿಬಿ ಹಾಕಿಸುತ್ತೇನೆ.

ಬೇವಿನಮರ (ನಾಲ್ಕು ದಿನದ ನಂತರ)
ಆರ್‌ಸಿಸಿಬಿ ಆಯಿತು, ಜಾಯಿಂಟು ಗೋಡೆಯ ಡಬ್ಬಿಗೆ ಬಂತು. ನಿಂಬೆ ಉಪ್ಪು ಎರಡು ರಾತ್ರಿ ಬಿಟ್ಟೆ. ಮೊದಲ ರಾತ್ರಿ ಬಸವನ ಬಾಯಲ್ಲಿ ನೊರೆ ಬರುತ್ತಿತ್ತು. ಬೆಳಿಗ್ಗೆ ಬಿರಡೆ ತೆಗೆದಾಗ ಚೂರು ಚೂರು ಸುಣ್ಣ ಬಿತ್ತು. ಈಗ ಲೀಟರಿಗೆ 21 ಸೆಕೆಂಡ್. ಕಿರುಬೆರಳಿನಷ್ಟು ದಪ್ಪ ಬರುತ್ತಿದೆ, ಅಮ್ಮ ಹೊರಗೆ ಬಂದು ಕೂತರು.
ಹಳೆ ಪಂಪಿನ ಮುಚ್ಚಳ ಬಿಚ್ಚಿದೆ. ಒಳಗೂ ಅದೇ ಸುಣ್ಣ, ಅಯಸ್ಕಾಂತ ಅಲ್ಲಾಡುತ್ತಿರಲಿಲ್ಲ. ಅದೇ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿದೆ, ಈಗ ಬೆರಳಲ್ಲಿ ತಿರುಗುತ್ತದೆ. ಕಾಯಿಲ್ ಸುಟ್ಟಿರಲೇ ಇಲ್ಲವೇನೋ. ವೈರು ಒಂದು ಗೇಣು ಬಿಟ್ಟು ಕತ್ತರಿಸಿಬಿಟ್ಟಿದ್ದೇನೆ. ತುಂಬಾ ಬೇಜಾರಾಗಿದೆ.

ಮಾಲೂರು_ಮೀನು
ಒಂದು ಗೇಣು ಅಂದರೆ ಜಾಯಿಂಟು ನೀರಿನೊಳಗೇ ಬರುತ್ತದೆ, ಬೇಡ. ನೊರೆ ನಿಂತರೆ ಎರಡರಲ್ಲಿ ಒಂದು: ಸುಣ್ಣ ಮುಗಿದಿದೆ, ಇಲ್ಲವೇ ನಿಂಬೆ ಉಪ್ಪಿನ ಶಕ್ತಿ ಮುಗಿದಿದೆ. 21 ಸೆಕೆಂಡ್ ಅಂದರೆ ಸುಣ್ಣ ಇನ್ನೂ ಇದೆ. ಹೊಸ ನೀರು ಕಲಸಿ ಇನ್ನೊಂದು ರಾತ್ರಿ ಬಿಡಿ.

ಮಾವಿನ_ತೋಪು
ಮಳೆ ನೀರು ಹಿಡಿದು ತೊಟ್ಟಿಗೆ ಹಾಕಿ, ಮತ್ತೆ ಕಟ್ಟುವುದಿಲ್ಲ. ನಾನು ಹತ್ತು ಸಾವಿರ ಲೀಟರ್ ಸಂಪು ಕಟ್ಟಿಸಿದ್ದೇನೆ, ಫೋಟೋ ಹಾಕಲಾ?

ವೈಂಡಿಂಗ್_ಅಣ್ಣ
ಹಾಕಿ. ಬೇವಿನಮರ, ಆ ಹಳೆ ಪಂಪು ತುಮಕೂರಿಗೆ ಬರುವವರ ಕೈಯಲ್ಲಿ ಕಳಿಸಿ. ರೆಸಿನ್ ಜಾಯಿಂಟ್ ಹಾಕಿ ಪೂರ್ತಿ ಉದ್ದದ ವೈರು ಕೊಡಲು ಆಗುತ್ತದಾ ನೋಡುತ್ತೇನೆ. ಬಕೆಟ್ಟಿನಲ್ಲಿ ಮುಳುಗಿಸಿ ಒಂದು ವಾರ ಮೆಗ್ಗರ್ (ಕರೆಂಟು ಸೋರುತ್ತದಾ ಅಂತ ಅಳೆಯುವ ಮೀಟರು) ಹಿಡಿದು ನೋಡಿ, ಸರಿ ಇದ್ದರೆ ಮಾತ್ರ ವಾಪಸ್ ಕೊಡುತ್ತೇನೆ. ದುಡ್ಡು ಬೇಡ.

ಬೇವಿನಮರ
ಶುಕ್ರವಾರ ನಮ್ಮ ಭಾವ ಬರುತ್ತಾರೆ ಅಣ್ಣ, ಅವರ ಕೈಯಲ್ಲಿ ಕೊಡುತ್ತೇನೆ. ಮೂರನೇ ರಾತ್ರಿಗೆ ನಿಂಬೆ ಉಪ್ಪು ತಂದಿಟ್ಟಿದ್ದೇನೆ.