ಅಲ್ಯುಮಿನಿಯಂ ಪ್ಲೇಟ್ ಥರ್ಮಲ್ ಸ್ಟ್ರೆಸ್: ಮೆಶ್ ಸಣ್ಣ ಮಾಡಿದಷ್ಟೂ ಏರ್ತಾನೇ ಇದೆ, ಎಲ್ಲಿ ತಪ್ಪಾಗಿದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 6061 ಅಲ್ಯುಮಿನಿಯಂ ಪ್ಲೇಟ್, 10 ಎಂಎಂ ದಪ್ಪ, ತೂತಿಂದ ತೂತಿಗೆ 200 ಎಂಎಂ, ನಾಲ್ಕು ಎಂ8 ಬೋಲ್ಟಲ್ಲಿ ಸ್ಟೀಲ್ ಫ್ರೇಮ್‌ಗೆ ಕೂತಿದೆ. ಎರಡೂ ಓವನ್ ಒಳಗೆ 25ರಿಂದ 125 ಡಿಗ್ರಿಗೆ ಹೋಗುತ್ತೆ. ಅಬಾಕಸಲ್ಲಿ (ಸ್ಟ್ರೆಸ್ ಲೆಕ್ಕ ಹಾಕೋ ಸಾಫ್ಟ್‌ವೇರ್) ಪ್ಲೇಟ್ ಒಂದನ್ನೇ ತಗೊಂಡು ನಾಲ್ಕೂ ತೂತಿನ ಒಳಗೋಡೆನ ಫಿಕ್ಸ್ ಮಾಡಿ 125 ಕೊಟ್ಟೆ. 5 ಎಂಎಂ ಮೆಶ್‌ಗೆ (ಲೆಕ್ಕಕ್ಕೆ ಪ್ಲೇಟನ್ನ ಭಾಗ ಮಾಡೋ ತುಂಡಿನ ಅಳತೆ) ಸ್ಟ್ರೆಸ್ 260 ಎಂಪಿಎ, 2ಕ್ಕೆ 340, 1ಕ್ಕೆ 430. ಇದು ನಿಲ್ಲೋ ಲಕ್ಷಣ ಕಾಣ್ತಿಲ್ಲ, ಮೂರು ದಿನದಿಂದ ಇದೇ ಆಗಿದೆ, ಯಾವ ನಂಬರ್ ರಿಪೋರ್ಟಲ್ಲಿ ಹಾಕ್ಲಿ ಸರ್?

ಉತ್ತರ 1:
ಯಾವುದನ್ನೂ ಹಾಕ್ಬೇಡಿ. ಫಿಕ್ಸ್ ಮಾಡಿದ ಜಾಗದ ಅಂಚಲ್ಲಿ ಸಿಂಗ್ಯುಲಾರಿಟಿ ಇದೆ, ಅಲ್ಲಿ ಮೆಶ್ ಸಣ್ಣ ಮಾಡಿದಷ್ಟೂ ನಂಬರ್ ಏರ್ತಾನೇ ಇರುತ್ತೆ. ಅದಕ್ಕಿಂತ ದೊಡ್ಡ ವಿಷ್ಯ ಅಂದ್ರೆ ನಿಮ್ಮ ಮಾಡೆಲಲ್ಲಿ ಪ್ಲೇಟ್ ಹಿಗ್ಗೋಕೆ ಜಾಗಾನೇ ಇಲ್ಲ. ಬರೀ ಬಿಸಿಯಾದ್ರೆ ಸ್ಟ್ರೆಸ್ ಬರಲ್ಲ, ಹಿಗ್ಗೋದನ್ನ ಏನೋ ತಡೆದಾಗ ಬರುತ್ತೆ. ಒಂದೇ ದಿಕ್ಕಲ್ಲಿ ಪೂರ್ತಿ ತಡೆದ್ರೆ ಯಂಗ್ಸ್ ಮಾಡ್ಯುಲಸ್ 70000 × ಆಲ್ಫಾ (ಒಂದು ಡಿಗ್ರಿಗೆ ಎಷ್ಟು ಹಿಗ್ಗುತ್ತೆ ಅನ್ನೋದು) 0.000023 × 100 ಡಿಗ್ರಿ, ಅಂದ್ರೆ 161 ಎಂಪಿಎ, ಎರಡೂ ದಿಕ್ಕಲ್ಲಾದ್ರೆ ಸುಮಾರು 240. ನಿಜದ ಫ್ರೇಮ್ ಕಲ್ಲಿನ ಗೋಡೆ ಅಲ್ವಲ್ಲ, ಅದೂ ಜೊತೆಗೇ ಬಿಸಿಯಾಗಿ ಹಿಗ್ಗುತ್ತೆ.

ಮೊದ್ಲು ಒಂದು ಟೆಸ್ಟ್ ಮಾಡಿ. ಫಿಕ್ಸ್ ಎಲ್ಲಾ ತೆಗೆದು 3-2-1 ಹಾಕಿ, ಅಂದ್ರೆ ಪ್ಲೇಟ್ ಜಾರದಷ್ಟು ಮಾತ್ರ ಹಿಡಿದು ಹಿಗ್ಗೋಕೆ ಬಿಡಿ: ಒಂದು ಮೂಲೆಲಿ ಮೂರೂ ದಿಕ್ಕು, ಎಕ್ಸ್ ಉದ್ದಕ್ಕೂ ಇರೋ ಇನ್ನೊಂದು ಮೂಲೆಲಿ ವೈ ಮತ್ತು ಝಡ್, ಮೂರನೇ ಮೂಲೆಲಿ ಬರೀ ಝಡ್. ಸ್ಟ್ರೆಸ್ ಸೊನ್ನೆ ಬರ್ಬೇಕು, ತೂತುಗಳ ಅಂತರ 0.46 ಎಂಎಂ ಜಾಸ್ತಿ ಆಗ್ಬೇಕು.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್. ಸ್ಟ್ರೆಸ್ ಸೊನ್ನೆನೇ ಬಂತು, ಆದ್ರೆ ಅಂತರ 0.575 ಜಾಸ್ತಿ ತೋರಿಸ್ತಿದೆ. ಆಲ್ಫಾ ಎರಡು ಸಲ ನೋಡಿದೆ, ಸರಿಯಾಗೇ ಇದೆ.

ಉತ್ತರ 2:
0.575ನ 0.46ರಿಂದ ಭಾಗಿಸಿ ನೋಡಿ, ಸರಿಯಾಗಿ 1.25. ಅಂದ್ರೆ ನಿಮ್ಮ ಡೆಲ್ಟಾ ಟಿ (ಟೆಂಪರೇಚರ್ ಏರಿಕೆ) 100 ಅಲ್ಲ, 125. ಇನಿಶಿಯಲ್ ಟೆಂಪರೇಚರ್ ಕೊಟ್ಟಿಲ್ಲ ಅಲ್ವಾ? ಕೊಡ್ದೇ ಬಿಟ್ರೆ ಅಬಾಕಸ್ ಸೊನ್ನೆ ಅಂತ ತಗೊಳುತ್ತೆ. ಪ್ರೀಡಿಫೈನ್ಡ್ ಫೀಲ್ಡಲ್ಲಿ ಇನಿಶಿಯಲ್ ಸ್ಟೆಪ್‌ಗೆ 25 ಹಾಕಿ. ಇದು ಎರರೂ ಕೊಡಲ್ಲ, ವಾರ್ನಿಂಗೂ ಕೊಡಲ್ಲ, ಅದಕ್ಕೇ ಕೈಯಲ್ಲಿ ಒಂದು ಲೆಕ್ಕ ಹಾಕ್ಕೊಂಡೇ ರನ್ ಮಾಡ್ಬೇಕು ಅನ್ನೋದು.

ಉತ್ತರ 1:
ಹೌದು, ಅದೇ. ಇನ್ನು ಫ್ರೇಮನ್ನೂ ಮಾಡೆಲ್‌ಗೆ ಸೇರಿಸಿ. ಸ್ಟೀಲ್ ಆಲ್ಫಾ ಸುಮಾರು 0.000012, ಹಾಗಾಗಿ ಎರಡರ ಮಧ್ಯೆ ವ್ಯತ್ಯಾಸ 200 ಎಂಎಂಗೆ 0.22 ಅಷ್ಟೇ. ಎಂ8ಗೆ 9 ಎಂಎಂ ತೂತು ಕೊರ್ದಿದ್ರೆ ಬೋಲ್ಟ್ ಸುತ್ತ ಅರ್ಧ ಎಂಎಂ ಸಡಿಲ ಇರುತ್ತೆ. ಆಗ ಪ್ಲೇಟನ್ನ ಹಿಡಿಯೋದು ತೂತಿನ ಗೋಡೆ ಅಲ್ಲ, ಬೋಲ್ಟ್ ಬಿಗಿ ಮಾಡಿದ್ರಿಂದ ಬರೋ ಘರ್ಷಣೆ. ಪ್ರೀಟೆನ್ಷನ್ (ಬೋಲ್ಟ್ ಬಿಗಿ ಮಾಡಿದ ಎಳೆತ) ಕೊಟ್ಟು ಫ್ರಿಕ್ಷನ್ ಕಾಂಟ್ಯಾಕ್ಟ್ ಹಾಕಿ, ಟೈ (ಎರಡನ್ನೂ ಅಂಟಿಸಿದ ಹಾಗೆ ಜೋಡಿಸೋದು) ಹಾಕ್ಬೇಡಿ, ಟೈ ಹಾಕಿದ್ರೆ ಜಾರೋದೇ ಇಲ್ಲ.

ಪ್ರಶ್ನೆ ಕೇಳಿದವರು:
25 ಹಾಕಿದ ತಕ್ಷಣ 0.46 ಬಂತು! ಆಮೇಲೆ ಫ್ರೇಮು, ಬೋಲ್ಟು, ಫ್ರಿಕ್ಷನ್ 0.2 ಎಲ್ಲಾ ಸೇರಿಸಿದೆ, ಕನ್ವರ್ಜ್ ಆಗೋಕೆ (ಲೆಕ್ಕ ಒಂದು ಉತ್ತರಕ್ಕೆ ನಿಲ್ಲೋಕೆ) ಒದ್ದಾಡ್ತು, ಮೊದಲ್ನೇ ಸ್ಟೆಪಲ್ಲಿ ಬರೀ ಬೋಲ್ಟ್ ಬಿಗಿ ಮಾಡಿ ಎರಡನೇದ್ರಲ್ಲಿ ಬಿಸಿ ಮಾಡಿದ ಮೇಲೆ ಓಡ್ತು. ಈಗ ತೂತಿನ ಹತ್ರ 2 ಎಂಎಂ ಮೆಶ್‌ಗೆ 88, 1 ಎಂಎಂಗೆ 91. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮುಂದೆ ಆಲ್ಫಾನ ಟೆಂಪರೇಚರ್ ಪ್ರಕಾರ ಟೇಬಲಲ್ಲಿ ಕೊಡ್ಬೇಕು ಅಂತಿದೀನಿ.

ಉತ್ತರ 2:
ಹಾಗಾದ್ರೆ ಟೇಬಲ್ ಯಾವ ಡಿಗ್ರಿಯಿಂದ ಅಳೆದದ್ದು ಅಂತ ಮೊದ್ಲು ನೋಡ್ಕೊಳಿ. 20ರಿಂದ ಇದ್ರೆ ಎಕ್ಸ್‌ಪಾನ್ಶನ್ ಕೊಡೋ ಜಾಗದಲ್ಲಿ ರೆಫರೆನ್ಸ್ ಟೆಂಪರೇಚರ್ 20 ಹಾಕಿ, ಅಲ್ಲೂ ಡಿಫಾಲ್ಟ್ ಸೊನ್ನೆನೇ.