ಶೇವಿಂಗ್ ಬ್ಲೇಡಿನ ಹರಿತವನ್ನು ಅಂಕಿಯಲ್ಲಿ ಅಳೆಯುವುದು ಹೇಗೆ?

ಕುಂಬಳೆಯವ: ಎರಡು ಕಂಪೆನಿಯ ಡಬಲ್ ಎಡ್ಜ್ ಬ್ಲೇಡು ಹೋಲಿಸಬೇಕು. ಕೈಯ ರೋಮ ಬೋಳಿಸಿ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹೊಸತರಲ್ಲಿ ಎಷ್ಟು ಹರಿತ, ನಾಲ್ಕು ಶೇವ್ ಆದ ಮೇಲೆ ಎಷ್ಟು ಉಳಿದಿದೆ ಎಂದು ಅಳೆಯಲು ದಾರಿ ಉಂಟಾ? 0.1 ಗ್ರಾಂ ತೋರಿಸುವ ತಕ್ಕಡಿ ಉಂಟು.

ಮಂಜೇಶ್ವರ ಫಿಟ್ಟರ್: ಉಂಟು. ಬಿಗಿದ ನೂಲು ತುಂಡಾಗಲು ಎಷ್ಟು ಗ್ರಾಂ ಒತ್ತಬೇಕು ಎಂಬುದೇ ಅಳತೆ. ಬೆಸ್ ಎಂಬ ಹರಿತದ ಮಾಪನ ಉಂಟು, ಅದರಲ್ಲೂ ಹೀಗೆ ನೂಲು ತುಂಡರಿಸಿಯೇ ಗ್ರಾಂ ಲೆಕ್ಕದಲ್ಲಿ ಅಳೆಯುವುದು; ಅದರಲ್ಲಿ ಹೊಸ ಡಬಲ್ ಎಡ್ಜ್ ಬ್ಲೇಡು 50ರ ಆಸುಪಾಸು. ಅಂಕಿ ಕಡಿಮೆಯಾದಷ್ಟೂ ಹರಿತ ಜಾಸ್ತಿ. ಬೆಸ್‌ನವರ ನೂಲೇ ಬೇರೆ, ಹಾಗಾಗಿ ನಿಮ್ಮ ಅಂಕಿ ಅದಕ್ಕೆ ತಾಳೆಯಾಗದು. ಹೋಲಿಕೆಗೆ ಧಾರಾಳ ಸಾಕು.

‘ಯು’ ಆಕಾರದ ಮರದ ಚೌಕಟ್ಟು, ಎರಡು ತುದಿಗೂ ವಾಷರ್ ಹಾಕಿದ ಸ್ಕ್ರೂ. 0.2 ಮಿ.ಮೀ. ಗಾಳದ ನೈಲಾನ್ ನೂಲನ್ನು ಒಂದು ಕಡೆ ಬಿಗಿಯಿರಿ. ಇನ್ನೊಂದು ಕಡೆಗೆ 200 ಮಿ.ಲೀ. ನೀರಿನ ಬಾಟಲಿ ತೂಗಹಾಕಿ, ಅದು ತೂಗುತ್ತಿರುವಾಗಲೇ ಎರಡನೇ ಸ್ಕ್ರೂ ಬಿಗಿದು ಬಾಟಲಿ ತೆಗೆಯಿರಿ. ಈ ಕೆಲಸ ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ: ನೂಲು ಸಡಿಲವಿದ್ದರೆ ಬ್ಲೇಡಿನಡಿ ಬಾಗುತ್ತಾ ಹೋಗಿ ಅಂಕಿ ಸುಮ್ಮನೆ ಏರ್ತದೆ. ನೂಲಿನ ಕೆಳಗೆ ಒಂದಿಂಚು ಖಾಲಿ ಇರಲಿ, ಅಲಗು ಮರಕ್ಕೆ ಬಡಿಯಬಾರದು.

ಚೌಕಟ್ಟನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಬ್ಲೇಡನ್ನು ನೇರ ಇಳಿಸಿ. ಕೈಯಲ್ಲಿ ಹಿಡಿಯಬೇಡಿ, ತುಸು ಎಳೆದರೂ ಕಡಿಮೆ ತೂಕಕ್ಕೇ ತುಂಡಾಗ್ತದೆ.

ಚಂದ್ರಗಿರಿ: ಬ್ಲೇಡು 0.1 ಮಿ.ಮೀ. ದಪ್ಪ, ಬಳುಕ್ತದೆ. ಎರಡು ಲೋಹದ ಪಟ್ಟಿಗಳ ನಡುವೆ ಕಚ್ಚಿಸಿ 2 ಮಿ.ಮೀ. ಮಾತ್ರ ಹೊರಗೆ ಬಿಡಿ. ಸಾದಾ ತಕ್ಕಡಿಯ ಅಂಕಿ ನಿಧಾನ ಬದಲಾಗ್ತದೆ. ಬೇಗ ಇಳಿಸಿದರೆ ಗರಿಷ್ಠ ತೂಕ ತಪ್ಪಿಹೋಗ್ತದೆ. ಮೊಬೈಲಲ್ಲಿ ವಿಡಿಯೊ ಮಾಡಿ ಆಮೇಲೆ ಓದಿ. ನಮ್ಮ ಮಳೆಗಾಲದಲ್ಲಿ ನೈಲಾನ್ ತೇವ ಹೀರಿ ಹಿಗ್ಗುವುದರಿಂದ ಎರಡೂ ಕಂಪೆನಿಯದ್ದನ್ನು ಒಂದೇ ದಿನ, ಒಂದು ಬಿಟ್ಟು ಒಂದು ಅಳೆಯಿರಿ.

ಕುಂಬಳೆಯವ: ಹೊಲಿಗೆಯ ಹತ್ತಿ ನೂಲು ಆಗದಾ?

ಚಂದ್ರಗಿರಿ: ಬೇಡ. ಹುರಿ, ದಪ್ಪ ಮೊಳಕ್ಕೊಂದು ಥರ.

ಬದಿಯಡ್ಕ: ಸರಾಸರಿ ಒಂದನ್ನೇ ನಂಬಬೇಡಿ. ಒಂದೇ ಅಲಗಿನ ಐದು ಜಾಗದಲ್ಲಿ ಅಳೆದು ಐದನ್ನೂ ಬರೆದಿಡಿ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದ ಹಾಗೆ, ಉಕ್ಕಿಗಿಂತ 50 ಪಟ್ಟು ಮೃದುವಾದ ಕೂದಲೂ ಬಾಗಿ ಓರೆಯಾಗಿ ತಾಗಿದರೆ ಅಲಗಿನ ಚಕ್ಕೆ ಎಬ್ಬಿಸ್ತದೆ. ಬ್ಲೇಡು ಸಮನಾಗಿ ಸವೆಯುವುದಿಲ್ಲ, ಅಲ್ಲಲ್ಲಿ ಮುಕ್ಕಾಗ್ತದೆ. ನಾಲ್ಕು ಜಾಗ ಹೊಸತರಂತಿದ್ದು ಒಂದು ಮಾತ್ರ ದುಪ್ಪಟ್ಟು ಬಂದರೆ ಆ ಬ್ಲೇಡು ಬಿಸಾಡಿ. ಹೊಸ ಅಲಗಿನ ಮೇಲೆ ಟೆಫ್ಲಾನ್ ಲೇಪವಿರ್ತದೆ, ಘರ್ಷಣೆ ತಗ್ಗಿಸ್ತದೆ; ಹಾಗಾಗಿ ಹೊಸ ಬ್ಲೇಡಿನ ಅಂಕಿಯಲ್ಲಿ ಲೇಪದ ಪಾಲೂ ಸೇರಿರ್ತದೆ. ಬಳಸಿದ್ದನ್ನು ಅಳೆಯುವ ಮೊದಲು ಸೋಪು ನೀರಲ್ಲಿ ಅದ್ದಿ ತೆಗೆದು ಸ್ಪಿರಿಟ್ ಹಾಕಿ ಒಣಗಿಸಿ. ಬಟ್ಟೆಯಲ್ಲಿ ಒರೆಸಿದರೆ ಅಳೆಯಲು ಹೊರಟ ಅಲಗೇ ಕೆಡ್ತದೆ.