ಅಪ್‌ಡೇಟ್: ಡೆಸ್ಕ್‌ಟಾಪ್ ಬಂತು, ಆದರೆ ಹೊಸದಲ್ಲ

ಮಗಳ ಓದಿಗೂ ನನ್ನ ಲೆಕ್ಕಪತ್ರಕ್ಕೂ 30 ಸಾವಿರ ರೂಪಾಯಿಯೊಳಗೆ ಯಾವ ಡೆಸ್ಕ್‌ಟಾಪ್ ಕೊಳ್ಳಲಿ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಕಚೇರಿಗಳಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ನೋಡಿ ಎಂದವರ ಮಾತೇ ಗೆದ್ದಿತು. ಉಡುಪಿಯಲ್ಲೇ ಇಂಟೆಲ್ ಕಂಪನಿಯ ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಕಡತಗಳನ್ನು ಇಡಲು 256 ಜಿಬಿ ಎಸ್‌ಎಸ್‌ಡಿ ಇರುವುದು 16 ಸಾವಿರಕ್ಕೆ ಸಿಕ್ಕಿತು. ಮಾನಿಟರ್ ಮನೆಯಲ್ಲಿತ್ತು.

ಮೊದಲು ಹೋದ ಅಂಗಡಿಯವರು ಆರನೇ ತಲೆಮಾರಿನದನ್ನು 9 ಸಾವಿರಕ್ಕೆ ಕೊಡಲು ಸಿದ್ಧರಿದ್ದರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಾದರೂ ಬೇಕು ಎಂದು ನಿಮ್ಮಲ್ಲೊಬ್ಬರು ಎಚ್ಚರಿಸದಿದ್ದರೆ ಅದನ್ನೇ ಹೊತ್ತು ತರುತ್ತಿದ್ದೆ.

ಬಿಡಿಭಾಗ ತಂದು ಜೋಡಿಸುವ ಸಲಹೆ ಮಾತ್ರ ನನಗೆ ಒಗ್ಗಲಿಲ್ಲ. ಮಂಗಳೂರಿಗೆ ಎರಡು ಸಲ ಬಸ್ಸಿನಲ್ಲಿ ಓಡಾಡಿದ್ದೇ ಬಂತು. ಲೆಕ್ಕ 38 ಸಾವಿರ ದಾಟಿತು.

ಯಾರೂ ಹೇಳದ ಸಂಗತಿಯೊಂದು: ಇದರ ಹಿಂಬದಿಯಲ್ಲಿ ನಮ್ಮ ಮಾನಿಟರ್‌ನ ತಂತಿ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಇಲ್ಲವೇ ಇಲ್ಲ, ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ಬಗೆಯ ಕಿಂಡಿ ಮಾತ್ರ. ಮನೆಗೆ ತಂದ ದಿನ ಎಲ್ಲರೂ ಕಪ್ಪು ಪರದೆಯ ಮುಂದೆ ಕುಳಿತೆವು. ಮರುದಿನ ಚಿಕ್ಕ ಪರಿವರ್ತಕ ತಂದ ಮೇಲೆಯೇ ಚಿತ್ರ ಮೂಡಿದ್ದು. ಖರೀದಿಸುವ ಮುನ್ನ ಹಿಂದೆ ತಿರುಗಿಸಿ ನೋಡಿ. ಇನ್ನೊಂದು 8 ಜಿಬಿ ರ‍್ಯಾಮ್ ಸೇರಿಸಿದ ಮೇಲೆ ಬ್ರೌಸರ್‌ನಲ್ಲಿ ಇಪ್ಪತ್ತು ಪುಟ ತೆರೆದರೂ ತಡವರಿಸುವುದಿಲ್ಲ.

ಯುಪಿಎಸ್ ಇನ್ನೂ ಕೊಂಡಿಲ್ಲ. ನಮ್ಮ ಮಳೆಗಾಲದ ಕರೆಂಟಿನ ಕಣ್ಣಾಮುಚ್ಚಾಲೆ ಗೊತ್ತಲ್ಲ, ಜೂನ್‌ಗೆ ಮೊದಲೇ ತರಬೇಕು.